ಬೀರುವಿನೊಳಗಿನ ಮಕ್ಕಳು

(ವಲಸೆ ನೀತಿ ಮತ್ತು ಕುಟುಂಬ ಕುರಿತ ಉಪನ್ಯಾಸದ ಬರಹ ರೂಪ)

ಒಂದು ಬೀರುವಿನಿಂದ ಈ ಮಾತನ್ನು ಆರಂಭಿಸುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ದಶಕಗಳು. ರಸ್ತೆ, ಸುರಂಗ, ಅಣೆಕಟ್ಟು ಕಟ್ಟಲು ಸ್ವಿಟ್ಜರ್‌ಲೆಂಡ್‌ಗೆ ಕೆಲಸಗಾರರು ಬೇಕಾಗಿದ್ದರು. ಮೊದಲು ಇಟಲಿಯಿಂದ, ಮುಂದೆ ಸ್ಪೇನ್, ಪೋರ್ಚುಗಲ್, ಯುಗೊಸ್ಲಾವಿಯಗಳಿಂದ ಜನ ಬಂದರು. ಅವರಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಋತು ಕಾರ್ಮಿಕರ ಪರವಾನಗಿ. ವರ್ಷಕ್ಕೆ ಹೆಚ್ಚೆಂದರೆ ಒಂಬತ್ತು ತಿಂಗಳು ದುಡಿಯಬಹುದು, ಉಳಿದ ಮೂರು ತಿಂಗಳು ದೇಶದ ಹೊರಗಿರಬೇಕು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯಲು ಬಂದಾಗ ಪುಟ್ಟ ಮಗುವನ್ನು ಎಲ್ಲಿ ಬಿಡುವುದು? ಕೆಲವರು ಅಜ್ಜಿಯ ಮಡಿಲಿಗೆ ಹಾಕಿ ಬಂದರು. ಕೆಲವರು ಗಡಿಯಾಚೆ ಇಟಲಿಯ ಊರುಗಳ ಅನಾಥಾಲಯಗಳಲ್ಲಿ ಬಿಟ್ಟರು; ಅಪ್ಪ ಅಮ್ಮ ಬದುಕಿದ್ದೂ ಆ ಮಕ್ಕಳು ಅನಾಥರ ನಡುವೆ ಬೆಳೆದರು. ಇನ್ನು ಕೆಲವರು ಮಗುವನ್ನು ಜೊತೆಗೇ ತಂದು ಮನೆಯೊಳಗೆ ಬಚ್ಚಿಟ್ಟರು.

ಬಚ್ಚಿಟ್ಟ ಮಗು ಕಿಟಕಿಯ ಹತ್ತಿರ ಸುಳಿಯಬಾರದು. ಓಡಬಾರದು. ಜೋರಾಗಿ ಅಳಬಾರದು, ಜೋರಾಗಿ ನಗಲೂಬಾರದು. ದೊಡ್ಡವರು ಕೆಲಸಕ್ಕೆ ಹೋದ ಮೇಲೆ ಹಗಲಿಡೀ ಸದ್ದಿಲ್ಲದೆ ಕುಳಿತಿರಬೇಕು. ಯಾರಾದರೂ ಬಾಗಿಲು ತಟ್ಟಿದರೆ ಬೀರುವಿನೊಳಗೆ ಸೇರಿಕೊಳ್ಳಬೇಕು. ಶಾಲೆಯ ಮಾತೇ ಇಲ್ಲ, ಏಕೆಂದರೆ ಸರ್ಕಾರದ ಕಡತದ ಪ್ರಕಾರ ಆ ಮಗು ಆ ದೇಶದಲ್ಲಿ ಇರಲೇ ಇಲ್ಲ. ಜರ್ಮನ್ ಭಾಷೆಯಲ್ಲಿ ಇಂಥ ಮಕ್ಕಳಿಗೆ ‘ಶ್ರಾಂಕ್‌ಕಿಂಡರ್’ ಎಂಬ ಹೆಸರೇ ಬಂತು: ಬೀರುವಿನ ಮಕ್ಕಳು. ಆ ಪರವಾನಗಿ ಪದ್ಧತಿ ಪೂರ್ತಿಯಾಗಿ ಹೋದದ್ದು 2002ರಲ್ಲಿ, ಯುರೋಪಿಯನ್ ಒಕ್ಕೂಟದೊಡನೆ ಮುಕ್ತ ಸಂಚಾರದ ಒಪ್ಪಂದ ಜಾರಿಗೆ ಬಂದಾಗ.

ಆ ಕಾನೂನನ್ನು ರೂಪಿಸಿದವರು ಮಕ್ಕಳನ್ನು ಬೀರುವಿಗೆ ತಳ್ಳಬೇಕೆಂದು ಬರೆದಿರಲಿಲ್ಲ. ಅವರ ಲೆಕ್ಕದಲ್ಲಿ ಇದ್ದದ್ದು ಕಾರ್ಮಿಕ ಮಾತ್ರ, ಅವನ ಒಂಬತ್ತು ತಿಂಗಳ ದುಡಿಮೆ ಮಾತ್ರ. ಮಗು ಆ ಲೆಕ್ಕಕ್ಕೆ ಬಂದಿರಲಿಲ್ಲ. ನಾನು ಇಂದು ಹೇಳಬೇಕೆಂದಿರುವುದರ ತಿರುಳು ಇದರಲ್ಲೇ ಇದೆ. ವಲಸೆ ನೀತಿ ಬರೆಯುವಾಗ ಸರ್ಕಾರದ ಕಣ್ಣ ಮುಂದೆ ಒಬ್ಬ ಅರ್ಜಿದಾರ ಇರುತ್ತಾನೆ. ಆದರೆ ಅದು ಜಾರಿಯಾಗುವುದು ಒಂದು ಮನೆಯ ಮೇಲೆ. ನೀತಿ ಬಿಗಿಯಾದಷ್ಟೂ ಅದರ ಭಾರ ಆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ, ಬಾಯಿಲ್ಲದವರ ಕಡೆಗೆ ಜಾರುತ್ತ ಹೋಗುತ್ತದೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಯಾರು ಒಳಗೆ ಬರಬೇಕು, ಎಷ್ಟು ದಿನ ಇರಬೇಕು ಎಂದು ನಿರ್ಧರಿಸುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಇದೆ. ಅದನ್ನು ನಾನು ಪ್ರಶ್ನಿಸುತ್ತಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೆಯ ವಿಧಿಯನ್ನು ಓದಿ ನೋಡಿ. ಯಾವುದೇ ದೇಶವನ್ನು ಬಿಟ್ಟು ಹೊರಡುವ ಹಕ್ಕು, ತನ್ನ ದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆ ಎನ್ನುತ್ತದೆ. ಇನ್ನೊಂದು ದೇಶದೊಳಗೆ ಕಾಲಿಡುವ ಹಕ್ಕಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಹೊರಡಬಹುದು, ಆದರೆ ಸೇರುವ ಜಾಗದ ಖಾತರಿಯಿಲ್ಲ. ವಲಸಿಗರ ತ್ರಿಶಂಕು ಸ್ಥಿತಿ ಆ ವಿಧಿಯಲ್ಲಿಯೇ ಅಡಗಿದೆ. ಆದರೆ ಅದೇ ಘೋಷಣೆಯ 16ನೆಯ ವಿಧಿ ಕುಟುಂಬವನ್ನು ಸಮಾಜದ ಸಹಜ ಮತ್ತು ಮೂಲಭೂತ ಘಟಕವೆಂದು ಕರೆದು, ಅದಕ್ಕೆ ರಾಜ್ಯದ ರಕ್ಷಣೆ ಸಲ್ಲಬೇಕು ಎನ್ನುತ್ತದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಟುಂಬ ಒಂದುಗೂಡಲು ಸಲ್ಲಿಸಿದ ಅರ್ಜಿಗಳನ್ನು ಮಾನವೀಯವಾಗಿ ಮತ್ತು ಬೇಗನೆ ಪರಿಶೀಲಿಸಬೇಕು ಎನ್ನುತ್ತದೆ. ಗಡಿ ಕಾಯುವ ಅಧಿಕಾರವೂ ಕುಟುಂಬ ಕಾಯುವ ಹೊಣೆಯೂ ಒಂದೇ ಸರ್ಕಾರದ ಕೈಯಲ್ಲಿವೆ. ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಸಾಕಷ್ಟು ಸಾಕ್ಷಿಗಳಿವೆ.

ಕೆನಡಾ ದೇಶದ ಉದ್ದಗಲಕ್ಕೂ ರೈಲು ಮಾರ್ಗ ಹಾಕಲು ಚೀನಾದ ಕಾರ್ಮಿಕರನ್ನು ತಂದರು. ಮಾರ್ಗ ಪೂರ್ಣಗೊಂಡ 1885ನೆಯ ಇಸವಿಯಲ್ಲೇ ಹೊಸದಾಗಿ ಬರುವ ಚೀನೀಯರ ಮೇಲೆ ತಲೆಗಂದಾಯ ಹೇರಿದರು. ಮೊದಲು 50 ಡಾಲರ್, 1900ರಲ್ಲಿ 100, 1903ರಲ್ಲಿ 500. ದುಡಿಯುವ ಗಂಡಸು ಸಾಲ ಮಾಡಿ ತನ್ನ ತಲೆಗಂದಾಯ ಕಟ್ಟಿದ. ಹೆಂಡತಿಯ ತಲೆಗೆ, ಮಕ್ಕಳ ತಲೆಗಳಿಗೆ ಅಷ್ಟು ಹಣ ಎಲ್ಲಿಂದ ತರುವುದು? ಕೂಡಿಡುತ್ತ ಕಾಯುತ್ತಿರುವಾಗಲೇ 1923ರಲ್ಲಿ ಚೀನೀಯರ ಪ್ರವೇಶವನ್ನೇ ಹೆಚ್ಚುಕಡಿಮೆ ಪೂರ್ತಿಯಾಗಿ ಮುಚ್ಚಲಾಯಿತು. ಆ ಕಾನೂನು ರದ್ದಾದದ್ದು 1947ರಲ್ಲಿ. ನಡುವಿನ 24 ವರ್ಷ ಗಂಡ ಒಂದು ಖಂಡದಲ್ಲಿ, ಹೆಂಡತಿ ಇನ್ನೊಂದು ಖಂಡದಲ್ಲಿ. ಮದುವೆಯಾದ ವರ್ಷ ಬಿಟ್ಟು ಬಂದ ಹೆಣ್ಣುಮಗಳನ್ನು ತಲೆ ನರೆತ ಮೇಲೆ ನೋಡಿದ ಗಂಡಸರಿದ್ದರು, ನೋಡದೆಯೇ ಸತ್ತವರೂ ಇದ್ದರು. 2006ರಲ್ಲಿ ಕೆನಡಾ ಸರ್ಕಾರ ಸಂಸತ್ತಿನಲ್ಲಿ ಕ್ಷಮೆ ಕೇಳಿತು. ಅಷ್ಟು ಹೊತ್ತಿಗೆ ಆ ಕ್ಷಮೆಯನ್ನು ಕಿವಿಯಾರೆ ಕೇಳಲು ಉಳಿದಿದ್ದವರು ಬಹಳ ಕಡಿಮೆ.

ಅಮೆರಿಕದಲ್ಲಿ 1882ರ ಚೀನೀ ಬಹಿಷ್ಕಾರ ಕಾನೂನು ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ಆದರೆ ಅಮೆರಿಕದ ಪ್ರಜೆಯ ಮಕ್ಕಳು ಎಲ್ಲೇ ಹುಟ್ಟಿದ್ದರೂ ಬರಬಹುದಿತ್ತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪ ಮತ್ತು ಬೆಂಕಿಯಲ್ಲಿ ಅಲ್ಲಿನ ಜನನ ದಾಖಲೆಗಳು ಸುಟ್ಟುಹೋದವು. ಆಗ ಅನೇಕ ಚೀನೀಯರು ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡರು, ಊರಿನಲ್ಲಿ ಗಂಡುಮಕ್ಕಳಿದ್ದಾರೆಂದು ಬರೆಸಿದರು, ಆ ಹೆಸರಿನ ಮೇಲೆ ಬೇರೆಯವರ ಮಕ್ಕಳೂ ಬಂದರು. ಅವರನ್ನು ‘ಕಾಗದದ ಮಕ್ಕಳು’ ಎಂದು ಕರೆಯುತ್ತಿದ್ದರು. ಇದನ್ನು ತಡೆಯಲು ಅಧಿಕಾರಿಗಳು ಹಿಡಿದ ದಾರಿಯನ್ನು ನೋಡಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ಒಂದು ವಲಸೆ ಠಾಣೆ ಇತ್ತು. ಅಲ್ಲಿ ಅಪ್ಪನನ್ನೂ ಮಗನನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಪ್ರಶ್ನಿಸುತ್ತಿದ್ದರು. ನಿಮ್ಮ ಮನೆ ಸಾಲಿನಲ್ಲಿ ಎಷ್ಟನೆಯದು? ಮೆಟ್ಟಿಲುಗಳು ಎಷ್ಟು? ಅಕ್ಕಿಯ ಪೆಟ್ಟಿಗೆ ಎಲ್ಲಿದೆ? ಪಕ್ಕದ ಮನೆಯವರಿಗೆ ಎಷ್ಟು ಮಕ್ಕಳು? ಇಬ್ಬರ ಉತ್ತರ ಹೊಂದದಿದ್ದರೆ ಮಗ ಮಗನಲ್ಲ, ಮರಳಿ ಹಡಗು ಹತ್ತಬೇಕು.

ಇದನ್ನು ಓದಿದಾಗಲೆಲ್ಲ ನನಗೆ ಕಾಡುವುದು ಸುಳ್ಳು ಹೇಳಿ ಬಂದವರ ಕಥೆಗಿಂತ ನಿಜವಾದ ಮಕ್ಕಳ ಕಥೆ. ಹತ್ತು ವರ್ಷ ಊರು ಬಿಟ್ಟಿದ್ದ ಅಪ್ಪನಿಗೆ ಮೆಟ್ಟಿಲುಗಳ ಸಂಖ್ಯೆ ನೆನಪಿರುತ್ತದೆಯೇ? ಅವನು ಹೋದ ಮೇಲೆ ಮನೆಯವರು ಅಕ್ಕಿಯ ಪೆಟ್ಟಿಗೆಯನ್ನು ಬೇರೆ ಮೂಲೆಗೆ ಸರಿಸಿರಬಹುದು. ಹಾಗಾಗಿ ನಿಜವಾದ ಮಕ್ಕಳೂ ಉತ್ತರಗಳನ್ನು ಬಾಯಿಪಾಠ ಮಾಡಿ ಬರಬೇಕಾಯಿತು, ಉರುಹೊಡೆದ ಹಾಳೆಗಳನ್ನು ಹಡಗಿನಿಂದ ಸಮುದ್ರಕ್ಕೆ ಎಸೆಯಬೇಕಾಯಿತು. ಕಾನೂನು ಸುಳ್ಳನ್ನು ಹಿಡಿಯಲು ಹೊರಟು ಸತ್ಯಕ್ಕೂ ತಾಲೀಮು ಬೇಕಾಗುವಂತೆ ಮಾಡಿತು. ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲಿ ಬಂಧಿಗಳಾಗಿದ್ದವರು ಮರದ ಗೋಡೆಗಳ ಮೇಲೆ ಚೀನೀ ಕವಿತೆಗಳನ್ನು ಕೊರೆದರು. 1970ರಲ್ಲಿ ಕಟ್ಟಡ ಕೆಡವುವ ಮಾತು ನಡೆದಿದ್ದಾಗ ಆ ಹೊತ್ತಿಗೆ ಉದ್ಯಾನವಾಗಿದ್ದ ಆ ದ್ವೀಪದ ಒಬ್ಬ ನೌಕರನ ಕಣ್ಣಿಗೆ ಆ ಅಕ್ಷರಗಳು ಬಿದ್ದವು. ಆ ಕಾರಣದಿಂದಲೇ ಕಟ್ಟಡ ಉಳಿಯಿತು.

ಗಂಡ ಹೆಂಡತಿ ಮಕ್ಕಳು ತಮ್ಮ ಸಂಬಂಧವನ್ನು ಪರಕೀಯನೊಬ್ಬನ ಮುಂದೆ ರುಜುವಾತುಪಡಿಸಬೇಕಾದ ಸ್ಥಿತಿ ಆ ದ್ವೀಪದೊಡನೆ ಮುಗಿಯಲಿಲ್ಲ. ಕೆಲವು ಕಾಲ ನಾನು ವಲಸಿಗರಿಗೆ ಅರ್ಜಿ ತುಂಬಿಕೊಡುವ ಕೆಲಸದಲ್ಲಿ ನೆರವಾಗಿದ್ದೇನೆ. ಮದುವೆ ನಿಜವೆಂದು ತೋರಿಸಲು ಜನ ಕಟ್ಟುಗಟ್ಟಲೆ ಫೋಟೊ, ಫೋನ್ ಕರೆಗಳ ಪಟ್ಟಿ, ಒಬ್ಬರಿಗೊಬ್ಬರು ಬರೆದ ಸಂದೇಶಗಳ ಮುದ್ರಿತ ಪ್ರತಿ ತರುತ್ತಿದ್ದರು. ಗಂಡನಿಗೆ ಮಾತ್ರವೇ ಬರೆದಿದ್ದ ಸಾಲುಗಳನ್ನು ಅಪರಿಚಿತರ ಮೇಜಿನ ಮೇಲೆ ಇಡುವಾಗ ಒಬ್ಬ ಹೆಣ್ಣುಮಗಳು ಹಾಳೆಯನ್ನು ಮಗುಚಿ ಇಟ್ಟಳು. ಅದನ್ನು ನಾನು ಮರೆತಿಲ್ಲ. ಮತ್ತೊಬ್ಬ ತಾಯಿ ಪ್ರತಿ ಸಲ ಬಂದಾಗಲೂ ಕೇಳುತ್ತಿದ್ದದ್ದು ಒಂದೇ: ಎಲ್ಲ ಕಾಗದಗಳಲ್ಲೂ ಮಗನ ಹೆಸರಿನ ಕಾಗುಣಿತ ಒಂದೇ ರೀತಿ ಇದೆಯೇ? ಒಂದು ಅಕ್ಷರದ ವ್ಯತ್ಯಾಸಕ್ಕೆ ಎರಡು ವರ್ಷ ಹಿಂದೆ ಬಿದ್ದವರನ್ನು ಅವಳು ಕಂಡಿದ್ದಳು.

ಹಳೆಯ ತಲೆಗಂದಾಯ ಇಂದು ಬೇರೆ ರೂಪದಲ್ಲಿದೆ. ಅದರ ಹೆಸರು ಆದಾಯದ ಮಿತಿ. ಬ್ರಿಟನ್ 2012ರಲ್ಲಿ ಒಂದು ನಿಯಮ ತಂದಿತು: ವಿದೇಶಿ ಸಂಗಾತಿಯನ್ನು ಕರೆತರಲು ಬ್ರಿಟನ್ನಿನಲ್ಲಿರುವವರಿಗೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ಆದಾಯವಿರಬೇಕು. 2024ರ ಏಪ್ರಿಲ್‌ನಲ್ಲಿ ಅದನ್ನು 29,000 ಪೌಂಡ್‌ಗೆ ಏರಿಸಲಾಯಿತು. ಇದು ಪ್ರಜೆಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಗಮನಿಸಿ. ತನ್ನದೇ ದೇಶದಲ್ಲಿ, ತಾನು ಮದುವೆಯಾದವರೊಡನೆ ಬಾಳಲು ಸಂಬಳದ ಚೀಟಿ ತೋರಿಸಬೇಕು. ಕಡಿಮೆ ಸಂಬಳದ ಕೆಲಸ ಮಾಡುವವರು, ಮಗುವನ್ನು ನೋಡಿಕೊಳ್ಳಲು ಅರ್ಧ ದಿನದ ಕೆಲಸ ಹಿಡಿದ ತಾಯಂದಿರು ಇದರಲ್ಲಿ ಮೊದಲು ಸೋಲುತ್ತಾರೆ. ಅಪ್ಪನನ್ನು ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಕಾಣುವ ಮಕ್ಕಳ ಮನೆಗಳಿಗೆ ಆ ದೇಶದಲ್ಲಿ ‘ಸ್ಕೈಪ್ ಕುಟುಂಬಗಳು’ ಎಂಬ ಹೆಸರು ಬಿತ್ತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆದಾಯ ಮಿತಿಯ ತತ್ವವನ್ನು ಒಪ್ಪಿತು. ಆದರೆ ಮಕ್ಕಳ ಹಿತವನ್ನು ನಿಯಮಗಳು ಸರಿಯಾಗಿ ಪರಿಗಣಿಸಿಲ್ಲ ಎಂದೂ ಹೇಳಿತು.

2024ರ ಮಾರ್ಚ್‌ನಿಂದ ಬ್ರಿಟನ್ನಿಗೆ ಆರೈಕೆ ಕೆಲಸಕ್ಕೆ ಬಂದ ಹೊಸಬರು, 2025ರ ಜುಲೈನಲ್ಲಿ ಆ ವೀಸಾದ ದಾರಿಯೇ ಹೊರದೇಶದವರಿಗೆ ಮುಚ್ಚುವವರೆಗೆ, ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿರಲಿಲ್ಲ. ಒಂದು ದೇಶದ ವೃದ್ಧರಿಗೆ ಊಟ ಮಾಡಿಸಲು, ಸ್ನಾನ ಮಾಡಿಸಲು, ರಾತ್ರಿ ಪಕ್ಕದಲ್ಲಿ ಕೂರಲು ಬಂದ ಹೆಣ್ಣುಮಗಳು ತನ್ನ ಮಗುವನ್ನು ಬೇರೆಯವರ ಕೈಗೆ ಒಪ್ಪಿಸಿ ಬರಬೇಕಾಯಿತು. ಈ ನಿಯಮವನ್ನು ಓದಿದ ದಿನ ನನಗೆ ಬೀರುವಿನ ಮಕ್ಕಳು ನೆನಪಾದರು. ಕೈ ಬೇಕು, ಮನೆ ಬೇಡ ಎಂಬ ಅದೇ ಲೆಕ್ಕ.

ಸೌದಿ ಅರೇಬಿಯ 2017ರ ಜುಲೈನಿಂದ ವಿದೇಶಿ ಕೆಲಸಗಾರರ ಜೊತೆಯಲ್ಲಿರುವ ಪ್ರತಿಯೊಬ್ಬ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷ ವರ್ಷ ನೂರು ನೂರು ಏರಿಸುತ್ತ 2020ರ ಹೊತ್ತಿಗೆ ಅದು 400 ಆಯಿತು. ಹೆಂಡತಿ, ಮೂವರು ಮಕ್ಕಳಿದ್ದರೆ ತಿಂಗಳಿಗೆ 1,600 ರಿಯಾಲ್. ಯಾರನ್ನೂ ಗಡೀಪಾರು ಮಾಡುವ ಆದೇಶ ಹೊರಡಿಸಬೇಕಾಗಲಿಲ್ಲ. ಮನೆಯ ಯಜಮಾನನೇ ಲೆಕ್ಕ ಹಾಕಿ, ಪರೀಕ್ಷೆ ಮುಗಿಯುವವರೆಗೆ ಕಾದು, ಹೆಂಡತಿ ಮಕ್ಕಳನ್ನು ವಿಮಾನ ಹತ್ತಿಸಿದ. ಡೆನ್ಮಾರ್ಕ್‌ನಲ್ಲಿ 2002ರಿಂದ ದಂಪತಿಗಳಿಬ್ಬರಿಗೂ 24 ವರ್ಷ ತುಂಬಿರದಿದ್ದರೆ ವಿದೇಶಿ ಸಂಗಾತಿಗೆ ವಾಸದ ಅನುಮತಿ ಸಾಮಾನ್ಯವಾಗಿ ಸಿಗುವುದಿಲ್ಲ. ಬಲವಂತದ ಮದುವೆ ತಡೆಯುವುದು ಅದರ ಒಂದು ಉದ್ದೇಶವೆಂದು ಹೇಳಲಾಯಿತು, ಒಳ್ಳೆಯ ಉದ್ದೇಶವೇ. ಆದರೆ ಮೆಚ್ಚಿ ಮದುವೆಯಾದ 22ರ ಹರೆಯದವರಿಗೂ ಅದೇ ಬೀಗ.

ಇದುವರೆಗೆ ಹೇಳಿದ್ದು ಬಾಗಿಲ ಹೊರಗಿನವರ ಕಷ್ಟ. ಒಳಗೆ ಬಂದು, ನಿಯಮದಂತೆ ನಡೆದು, ತೆರಿಗೆ ಕಟ್ಟಿ, ಮನೆ ಮಾಡಿಕೊಂಡವರಿಗೂ ಕೆಲವು ನೀತಿಗಳು ನೆಲೆ ಕೊಡುವುದಿಲ್ಲ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಕಷ್ಟ ಹೊರಗಿನವರ ಕಣ್ಣಿಗೆ ಕಷ್ಟದಂತೆ ಕಾಣುವುದೇ ಇಲ್ಲ.

ಅಮೆರಿಕದಲ್ಲಿ ಉದ್ಯೋಗದ ಆಧಾರದ ಮೇಲೆ ಕೊಡುವ ಶಾಶ್ವತ ವಾಸದ ಪರವಾನಗಿ, ಅಂದರೆ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಈ ಸಂಖ್ಯೆ 1990ರ ಕಾನೂನಿನಲ್ಲಿ ನಿಗದಿಯಾದದ್ದು. ಅರ್ಜಿದಾರನ ಹೆಂಡತಿ ಮಕ್ಕಳೂ ಇದೇ ಲೆಕ್ಕದೊಳಗೆ ಬರುತ್ತಾರೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಒಟ್ಟಿನಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಸಿಗಬಾರದೆಂಬುದು ಸಾಮಾನ್ಯ ನಿಯಮ. ಲಕ್ಷಗಟ್ಟಲೆ ಅರ್ಜಿದಾರರಿರುವ ಭಾರತಕ್ಕೂ ಐಸ್‌ಲೆಂಡ್‌ಗೂ ಒಂದೇ ಮಿತಿ. ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಹುಟ್ಟಿದ ನೆಲ. ಹಾಗಾಗಿ ಭಾರತದಲ್ಲಿ ಹುಟ್ಟಿದವರ ಸರದಿ ಹತ್ತಾರು ವರ್ಷಗಳಷ್ಟು ಉದ್ದವಾಗಿ ಬೆಳೆದಿದೆ. ಸಾಲಿನಲ್ಲಿ ನಿಂತವರ ತಪ್ಪು ಏನೂ ಇಲ್ಲ. ಅವರು ನಿಂತೇ ಇದ್ದಾರೆ.

ಹೀಗೆ ನಿಂತಿರುವಾಗ ಮನೆಯೊಳಗೆ ಏನಾಗುತ್ತದೆ? ಪರಿಣತ ಕೆಲಸಗಾರರಿಗೆ ಕೊಡುವ ತಾತ್ಕಾಲಿಕ ಎಚ್-1ಬಿ ವೀಸಾದಲ್ಲಿರುವವರ ಸಂಗಾತಿಯ ವೀಸಾಕ್ಕೆ ಎಚ್-4 ಎಂದು ಹೆಸರು. ಅವರ ಮುಂದೆ ಬರೆಯುವ ಪದ ‘ಅವಲಂಬಿತರು’. ವೈದ್ಯೆಯಾಗಿದ್ದವರು, ಎಂಜಿನಿಯರ್ ಆಗಿದ್ದವರು, ಹತ್ತು ವರ್ಷ ಪಾಠ ಹೇಳಿದವರು ಆ ಒಂದು ಪದದೊಳಗೆ ಬಂದು ಕೂರುತ್ತಾರೆ. 2015ರವರೆಗೆ ಅವರು ದುಡಿಯುವಂತೆಯೇ ಇರಲಿಲ್ಲ. ಆ ವರ್ಷದ ಮೇ ತಿಂಗಳಿನಿಂದ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಕೆಲಸದ ಅನುಮತಿ ಸಿಕ್ಕಿತು, ಉಳಿದವರಿಗೆ ಇಲ್ಲ. ಗಂಡನ ಕೆಲಸ ಹೋದರೆ ಸಾಮಾನ್ಯವಾಗಿ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕೆಲಸ ಹುಡುಕಬೇಕು, ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಮನೆ, ಶಾಲೆ, ಸಾಲ ಎಲ್ಲವನ್ನೂ ಮುಗಿಸಿ ಹೊರಡಬೇಕು. ಕೆಲಸದಲ್ಲಿ ಅವಮಾನವಾದರೂ, ಸಂಬಳ ಕಡಿಮೆಯಾದರೂ ಬಾಯಿ ಮುಚ್ಚಿಕೊಂಡಿರುವುದನ್ನು ಮನುಷ್ಯ ಹೀಗೆಯೇ ಕಲಿಯುವುದು. ಮನೆಯಲ್ಲಿ ಹಿಂಸೆ ಅನುಭವಿಸುವ ಹೆಣ್ಣಿಗಂತೂ ಗಂಡನನ್ನು ಬಿಟ್ಟರೆ ದೇಶವನ್ನೇ ಬಿಡಬೇಕಾದ ಭಯ.

ಮಕ್ಕಳದ್ದು ಇನ್ನೊಂದು ಕಥೆ. ಮೂರನೆಯ ವಯಸ್ಸಿಗೆ ಬಂದ ಮಗು ಅಲ್ಲೇ ಅಕ್ಷರ ಕಲಿಯುತ್ತದೆ, ಅಲ್ಲೇ ಗೆಳೆಯರನ್ನು ಸಂಪಾದಿಸುತ್ತದೆ. 21 ವರ್ಷ ತುಂಬಿದ ದಿನ ಅದು ಕಾನೂನಿನ ದೃಷ್ಟಿಯಲ್ಲಿ ‘ಮಗು’ ಆಗಿ ಉಳಿಯುವುದಿಲ್ಲ. ಅಪ್ಪ ಅಮ್ಮಂದಿರ ಅರ್ಜಿ ಇನ್ನೂ ಸಾಲಿನಲ್ಲೇ ಇದ್ದರೆ ಅದರಿಂದ ಈ ಹುಡುಗ ಅಥವಾ ಹುಡುಗಿಯ ಹೆಸರು ಕಳಚಿ ಬೀಳುತ್ತದೆ. 2002ರಲ್ಲಿ ಮಕ್ಕಳ ವಯಸ್ಸಿನ ಲೆಕ್ಕದಲ್ಲಿ ಒಂದಿಷ್ಟು ರಿಯಾಯಿತಿ ಕೊಡುವ ಕಾನೂನು ಬಂತು, ಆದರೆ ಹತ್ತಾರು ವರ್ಷಗಳ ಸಾಲಿಗೆ ಅದು ಸಾಲದು. ತಮ್ಮ ಅಲ್ಲೇ ಹುಟ್ಟಿದ ಕಾರಣಕ್ಕೆ ಪ್ರಜೆ; ಅಕ್ಕ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಿ ಪರದೇಶಿಯಾಗಬೇಕು, ಇಲ್ಲವೇ ನೆನಪೇ ಇಲ್ಲದ ದೇಶಕ್ಕೆ ಹೊರಡಬೇಕು. ಒಂದೇ ಮನೆಯಲ್ಲಿ ಊಟಕ್ಕೆ ಕುಳಿತ ನಾಲ್ವರಿಗೆ ಮೂರು ಬಗೆಯ ಕಾನೂನು. ಹುಟ್ಟುಹಬ್ಬವನ್ನು ಗಡುವಿನಂತೆ ಎಣಿಸುವ ತಂದೆ ತಾಯಿಯರನ್ನು ನಾನು ಬಲ್ಲೆ. ಮಗಳು ಬೆಳೆಯುವುದು ಅವರಿಗೆ ಸಂತೋಷವಾಗಿ ಉಳಿದಿಲ್ಲ.

ಇಂಥ ಮನೆಗಳಲ್ಲಿ ಸುದ್ದಿ ಬರುವ ರೀತಿಯೂ ಒಂದು ಶಿಕ್ಷೆ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಅಮೆರಿಕದ ಅಧ್ಯಕ್ಷರು ಎಚ್-1ಬಿ ಅರ್ಜಿಗೆ 1,00,000 ಡಾಲರ್ ಪಾವತಿಯ ಆದೇಶಕ್ಕೆ ಸಹಿ ಹಾಕಿದರು. ಭಾನುವಾರ ಮೊದಲ ನಿಮಿಷದಿಂದಲೇ ಜಾರಿ. ಯಾರಿಗೆ ಅನ್ವಯ, ಯಾರಿಗೆ ಅಲ್ಲ ಎಂಬುದು ಆ ಹೊತ್ತಿಗೆ ಸ್ಪಷ್ಟವಿರಲಿಲ್ಲ. ಹೊರದೇಶದಲ್ಲಿರುವ ನೌಕರರು ಕೂಡಲೇ ಹಿಂದಿರುಗಬೇಕೆಂದು ಕಂಪನಿಗಳು ಸಂದೇಶ ಕಳುಹಿಸಿದವು. ಊರಿಗೆ ಹೊರಟು ವಿಮಾನದಲ್ಲಿ ಕುಳಿತಿದ್ದವರು ಇಳಿದುಬಿಟ್ಟರು. ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಮರುದಿನ ಬಂತು. ವಿವರಣೆ ಬರುವ ಮುಂಚಿನ ಆ ಒಂದು ರಾತ್ರಿಯನ್ನು ಸರ್ಕಾರ ಮರೆಯಬಹುದು, ಆ ಮನೆಗಳು ಮರೆಯುವುದಿಲ್ಲ.

ಈಗ ಭಯದ ಬಗ್ಗೆ. ಭಯವನ್ನು ಅಳೆಯಲಾಗದು ಎನ್ನುವವರಿಗೆ ಒಂದು ಅಳತೆ ಹೇಳುತ್ತೇನೆ. 2008ರ ಮೇ 12ರಂದು ಅಮೆರಿಕದ ಅಯೊವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನ ಮಾಂಸ ಸಂಸ್ಕರಣಾ ಕಾರ್ಖಾನೆಯ ಮೇಲೆ ವಲಸೆ ಅಧಿಕಾರಿಗಳು ದಾಳಿ ಮಾಡಿ 389 ಮಂದಿಯನ್ನು ಬಂಧಿಸಿದರು. ಹೆಲಿಕಾಪ್ಟರ್‌ಗಳು ಬಂದವು. ಕೈಕೋಳ ತೊಟ್ಟ ಕೆಲಸಗಾರರ ಚಿತ್ರಗಳು ಎಲ್ಲೆಡೆ ಹರಡಿದವು. ಮುಂದೆ ಸಂಶೋಧಕರು ಇಡೀ ಅಯೊವಾ ರಾಜ್ಯದ ಜನನ ದಾಖಲೆಗಳನ್ನು ಹೋಲಿಸಿ ನೋಡಿದರು. ದಾಳಿಯ ನಂತರದ 37 ವಾರಗಳಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ತಾಯಂದಿರಿಗೆ ಹುಟ್ಟಿದ ಶಿಶುಗಳು ಕಡಿಮೆ ತೂಕದವಾಗಿರುವ ಸಂಭವ ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡಾ 24ರಷ್ಟು ಹೆಚ್ಚಾಗಿತ್ತು. ಬಿಳಿಯ ತಾಯಂದಿರ ಶಿಶುಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇನ್ನೂ ಒಂದು ಸಂಗತಿ ಇದೆ: ಅಮೆರಿಕದಲ್ಲೇ ಹುಟ್ಟಿದ, ಪೂರ್ಣ ಪ್ರಜೆಗಳಾದ ಲ್ಯಾಟಿನೊ ತಾಯಂದಿರ ಶಿಶುಗಳಲ್ಲೂ ಈ ಏರಿಕೆ ಇತ್ತು. ಅವರನ್ನು ಯಾರೂ ಬಂಧಿಸುವಂತಿರಲಿಲ್ಲ. ಆದರೂ ಗರ್ಭದೊಳಗಿನ ಮಗುವಿಗೆ ಆ ಸುದ್ದಿ ತಲುಪಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ಮತ್ತೆ ಮತ್ತೆ ನೆನಪಾಗುತ್ತದೆ. 2011ರಲ್ಲಿ ಅಲಬಾಮಾ ರಾಜ್ಯ ಶಾಲೆಗಳಲ್ಲಿ ಮಕ್ಕಳ ವಲಸೆ ಸ್ಥಿತಿಯನ್ನು ವಿಚಾರಿಸುವ ಕಾನೂನು ತಂದಾಗ ತರಗತಿಗಳಲ್ಲಿ ಬೆಂಚುಗಳು ಖಾಲಿಯಾದವು. ನ್ಯಾಯಾಲಯ ಆ ಭಾಗವನ್ನು ತಡೆಯಬೇಕಾಯಿತು. ಸರ್ಕಾರಿ ನೆರವು ಪಡೆದವರಿಗೆ ಗ್ರೀನ್ ಕಾರ್ಡ್ ನಿರಾಕರಿಸಬಹುದಾದ ಕಠಿಣ ನಿಯಮವೊಂದು 2020ರ ಫೆಬ್ರವರಿಯಲ್ಲಿ ಜಾರಿಯಾದಾಗ, ಆ ನಿಯಮಕ್ಕೆ ಒಳಪಡದ ಕುಟುಂಬಗಳೂ ತಮ್ಮ ಪ್ರಜೆ ಮಕ್ಕಳ ಆಹಾರ ನೆರವನ್ನು, ಆರೋಗ್ಯ ವಿಮೆಯನ್ನು ಬಿಟ್ಟುಕೊಟ್ಟವು. 2021ರಲ್ಲಿ ನಿಯಮ ಹೋಯಿತು. ಶಾಲೆ, ಆಸ್ಪತ್ರೆ, ಪ್ರಾರ್ಥನಾ ಮಂದಿರಗಳಲ್ಲಿ ಬಂಧನ ಕಾರ್ಯಾಚರಣೆಗಳನ್ನು ಸಾಧ್ಯವಾದಷ್ಟು ತಪ್ಪಿಸಬೇಕೆಂಬ ಮಾರ್ಗಸೂಚಿ ಅಮೆರಿಕದಲ್ಲಿ ಬಹುಕಾಲ ಇತ್ತು. 2025ರ ಜನವರಿಯಲ್ಲಿ ಅದನ್ನೂ ಹಿಂಪಡೆಯಲಾಯಿತು. ಜ್ವರದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ತಾಯಿಯೊಬ್ಬಳು ಯೋಚಿಸುವಂತಾದರೆ ಆ ನೀತಿಯಿಂದ ಯಾವ ಗಡಿ ಭದ್ರವಾಯಿತು?

ಅಮೆರಿಕದಲ್ಲಿ 2018ರಲ್ಲಿ ನಡೆದ ಸಂಗತಿ ನಿಮಗೆಲ್ಲ ಗೊತ್ತಿದೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಮೆಕ್ಸಿಕೊ ಗಡಿಯನ್ನು ಅನುಮತಿಯಿಲ್ಲದೆ ದಾಟಿದ ವಯಸ್ಕರೆಲ್ಲರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ‘ಶೂನ್ಯ ಸಹನೆ’ ನೀತಿಯ ಹೆಸರಿನಲ್ಲಿ ಮಕ್ಕಳನ್ನು ತಂದೆ ತಾಯಿಯರಿಂದ ಬೇರೆ ಮಾಡಲಾಯಿತು. 2017ರಿಂದ, ಡೊನಾಲ್ಡ್ ಟ್ರಂಪ್ ಅವರ ಮೊದಲ ಆಡಳಿತದ ಅವಧಿಯಲ್ಲಿ, ಹೀಗೆ ಬೇರ್ಪಟ್ಟ ಮಕ್ಕಳು 5,000ಕ್ಕೂ ಹೆಚ್ಚು. ಜೂನ್ 26ರಂದು ಫೆಡರಲ್ ನ್ಯಾಯಾಧೀಶರೊಬ್ಬರು ಐದು ವರ್ಷದೊಳಗಿನ ಮಕ್ಕಳನ್ನು 14 ದಿನಗಳಲ್ಲಿ, ಉಳಿದವರನ್ನು 30 ದಿನಗಳಲ್ಲಿ ಮರಳಿ ಸೇರಿಸಬೇಕೆಂದು ಆದೇಶಿಸಿದರು. ಆಗ ಬಯಲಾದದ್ದು ಇನ್ನೊಂದು ಘೋರ: ಯಾವ ಮಗು ಯಾರದ್ದು ಎಂದು ಇಲಾಖೆಗಳ ನಡುವೆ ಕೂಡಿಸಿ ನೋಡುವ ಒಂದು ವ್ಯವಸ್ಥಿತ ದಾಖಲೆಯೇ ಇರಲಿಲ್ಲ. ಅನೇಕ ತಂದೆ ತಾಯಿಯರನ್ನು ಮಕ್ಕಳಿಲ್ಲದೆಯೇ ಗಡೀಪಾರು ಮಾಡಿಯಾಗಿತ್ತು. ಮತ್ತೆ ಸೇರಿದಾಗ ಅಮ್ಮನನ್ನು ಗುರುತಿಸದೆ ದೂರ ಸರಿದ ಕಂದಮ್ಮಗಳಿದ್ದರು. ಮಕ್ಕಳನ್ನು ಬೇರ್ಪಡಿಸುವುದನ್ನು ಅಚ್ಚುಕಟ್ಟಾಗಿ ಯೋಜಿಸಿದ ಸರ್ಕಾರ ಕೂಡಿಸುವುದನ್ನು ಯೋಜಿಸಿರಲಿಲ್ಲ. ಇದನ್ನು ಹೇಳುವಾಗ ಸಮಾಧಾನದಿಂದ ಹೇಳುವುದು ನನ್ನಿಂದ ಆಗುವುದಿಲ್ಲ.

ಕಾಗದವಿಲ್ಲದವರಿಗೆ ಮಾತ್ರ ಇದೆಲ್ಲ, ನ್ಯಾಯವಾಗಿ ಬಂದವರಿಗೆ ಏನು ತೊಂದರೆ ಎಂದು ಕೇಳುವವರಿದ್ದಾರೆ. ಅವರಿಗೆ ವಿಂಡ್‌ರಷ್ ಪ್ರಕರಣವನ್ನು ನೆನಪಿಸುತ್ತೇನೆ. 1948ರ ಜೂನ್‌ನಲ್ಲಿ ಎಂಪೈರ್ ವಿಂಡ್‌ರಷ್ ಹಡಗು ಟಿಲ್ಬರಿ ಬಂದರಿಗೆ ಬಂದದ್ದರಿಂದ ಆರಂಭಿಸಿ ಕೆರಿಬಿಯನ್ ವಸಾಹತುಗಳಿಂದ ಬ್ರಿಟನ್ನಿಗೆ ಹೋದವರು ಆಗಿನ ಕಾನೂನಿನಂತೆ ಬ್ರಿಟಿಷ್ ಪ್ರಜೆಗಳೇ. ಅನೇಕರು ಚಿಕ್ಕ ಮಕ್ಕಳಾಗಿ, ಹೆತ್ತವರ ಪಾಸ್‌ಪೋರ್ಟ್‌ನಲ್ಲಿ ಬಂದವರು. ಅಲ್ಲಿಯೇ ಇರುವ ಹಕ್ಕು ಅವರಿಗಿತ್ತು; ಆ ಹಕ್ಕಿನ ಕಾಗದವನ್ನು ಯಾರೂ ಕೊಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. 2012ರಲ್ಲಿ ಗೃಹ ಸಚಿವೆಯಾಗಿದ್ದ ಥೆರೆಸಾ ಮೇ ಅಕ್ರಮ ವಲಸಿಗರಿಗೆ ‘ಪ್ರತಿಕೂಲ ವಾತಾವರಣ’ ಸೃಷ್ಟಿಸುವುದಾಗಿ ಹೇಳಿದರು. 2014 ಮತ್ತು 2016ರ ಕಾನೂನುಗಳ ಮೂಲಕ ಮನೆ ಬಾಡಿಗೆಗೆ ಕೊಡುವವರು, ಕೆಲಸ ಕೊಡುವವರು, ಬ್ಯಾಂಕಿನವರು ಎಲ್ಲರೂ ಕಾಗದ ಕೇಳುವಂತಾಯಿತು. ಐವತ್ತು ವರ್ಷ ದುಡಿದು ತೆರಿಗೆ ಕಟ್ಟಿದವರು ಒಂದು ಬೆಳಿಗ್ಗೆ ಅಕ್ರಮವಾದರು. ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು, ಕ್ಯಾನ್ಸರ್ ಚಿಕಿತ್ಸೆ ನಿಂತಿತು. ಕನಿಷ್ಠ 83 ಮಂದಿಯನ್ನು ತಪ್ಪಾಗಿ ದೇಶದಿಂದ ಹೊರಹಾಕಲಾಗಿತ್ತು. ಅವರ ಆಗಮನಕ್ಕೆ ಸಾಕ್ಷಿಯಾಗಬಹುದಾಗಿದ್ದ ಹಳೆಯ ಚೀಟಿಗಳನ್ನು ಸರ್ಕಾರವೇ 2010ರಲ್ಲಿ ನಾಶಮಾಡಿತ್ತು. 2018ರ ಏಪ್ರಿಲ್‌ನಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಪರಿಹಾರ ಯೋಜನೆ ಬಂತು; ಪರಿಹಾರ ಕೈಗೆ ಸಿಗುವ ಮೊದಲೇ ಕೆಲವರು ತೀರಿಕೊಂಡರು. ಬೀದಿಯ ಎಲ್ಲರ ಕೈಗೂ ಕಾವಲುಗಾರನ ಕೋಲು ಕೊಟ್ಟರೆ ಪೆಟ್ಟು ಯಾರಿಗೆ ಬೀಳುತ್ತದೆಂದು ಸರ್ಕಾರ ಊಹಿಸಬೇಕಿತ್ತು.

ಇಷ್ಟೆಲ್ಲ ಬಿಗಿ ಮಾಡಿದ್ದರಿಂದ ಅಂದುಕೊಂಡದ್ದಾದರೂ ಆಯಿತೇ? 1973ರ ನವೆಂಬರ್‌ನಲ್ಲಿ ಪಶ್ಚಿಮ ಜರ್ಮನಿ ವಿದೇಶಿ ಕಾರ್ಮಿಕರ ನೇಮಕವನ್ನು ನಿಲ್ಲಿಸಿತು. ಅದುವರೆಗೆ ತುರ್ಕಿಯಿಂದ ಬಂದವರು ದುಡಿದು ಊರಿಗೆ ಹೋಗಿ ಮತ್ತೆ ಬರುತ್ತಿದ್ದರು. ಒಮ್ಮೆ ಹೋದರೆ ಮತ್ತೆ ಬರಲಾಗದು ಎಂದು ತಿಳಿದಾಗ ಅವರು ಹೋಗುವುದನ್ನೇ ಬಿಟ್ಟರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಮೆಕ್ಸಿಕೊ ಗಡಿಯಲ್ಲೂ ಇದೇ ನಡೆಯಿತು. ಸುಗ್ಗಿಗೆ ಬಂದು ಸುಗ್ಗಿ ಮುಗಿದ ಮೇಲೆ ಮರಳುವ ರೂಢಿ ತಲೆಮಾರುಗಳಿಂದ ಇತ್ತು. 1980ರ ದಶಕದ ಕೊನೆಯಿಂದ ಕಾವಲು ಹೆಚ್ಚಿದಂತೆ, 1994ರ ನಂತರ ಸ್ಯಾನ್ ಡಿಯಾಗೊದಂಥ ನಗರಗಳ ಬಳಿಯ ದಾರಿ ಮುಚ್ಚಿ ಜನ ಅರಿಜೋನಾದ ಮರುಭೂಮಿಯಲ್ಲಿ ಸಾಯತೊಡಗಿದಂತೆ, ಒಮ್ಮೆ ದಾಟಿದವರು ಮತ್ತೆ ಆ ಅಪಾಯಕ್ಕೆ ಇಳಿಯದೆ ಅಲ್ಲೇ ಉಳಿದರು. ಅದರ ಮೇಲೆ 1996ರ ಕಾನೂನು ಬಂತು: ಒಂದು ವರ್ಷ ಅಥವಾ ಹೆಚ್ಚು ಕಾಲ ಅನುಮತಿಯಿಲ್ಲದೆ ಇದ್ದು ಹೊರಹೋದವರು ಹತ್ತು ವರ್ಷ ಮರಳುವಂತಿಲ್ಲ. ಪ್ರಜೆಯೊಬ್ಬಳನ್ನು ಮದುವೆಯಾಗಿ ಕಾನೂನಿನ ಒಳಗೆ ಬರಬೇಕೆಂದವನು, ಕಳ್ಳದಾರಿಯಲ್ಲಿ ಬಂದಿದ್ದ ಕಾರಣಕ್ಕೆ, ವೀಸಾ ಪಡೆಯಲು ದೇಶ ಬಿಟ್ಟು ಹೊರಗೆ ಹೋಗಲೇಬೇಕು. ಹೋದೊಡನೆ ಹತ್ತು ವರ್ಷದ ಬೀಗ. ವಿನಾಯಿತಿ ಸಿಗದಿದ್ದರೆ ಎಂಬ ಹೆದರಿಕೆಯಿಂದ ಎಷ್ಟೋ ಗಂಡಂದಿರು ಕತ್ತಲಲ್ಲೇ ಉಳಿದುಬಿಟ್ಟರು. ಅಮ್ಮ ಸತ್ತ ಸುದ್ದಿಯನ್ನು ಫೋನಿನಲ್ಲಿ ಕೇಳಿ ಫೋನಿನಲ್ಲೇ ಅತ್ತರು.

ಮಾತು ಮುಗಿಸುವ ಹೊತ್ತಿಗೆ ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು ನೇರವಾಗಿ ಕೇಳಿದರು: ನಿಯಮ ಮುರಿದು ಬಂದವರ ಮಕ್ಕಳ ಬಗ್ಗೆ ಒಂದು ದೇಶ ಏಕೆ ತಲೆ ಕೆಡಿಸಿಕೊಳ್ಳಬೇಕು? ಪ್ರಾಮಾಣಿಕವಾದ ಪ್ರಶ್ನೆ. ಅದಕ್ಕೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ.

ಟೆಕ್ಸಾಸ್ ರಾಜ್ಯ 1975ರಲ್ಲಿ ದಾಖಲೆಯಿಲ್ಲದ ಮಕ್ಕಳ ಶಿಕ್ಷಣಕ್ಕೆ ಹಣ ಕೊಡುವುದಿಲ್ಲವೆಂದು ಕಾನೂನು ಮಾಡಿತು. ಟೈಲರ್ ಎಂಬ ಊರಿನ ಶಾಲೆಗಳು ಅಂಥ ಮಕ್ಕಳಿಗೆ ವರ್ಷಕ್ಕೆ 1,000 ಡಾಲರ್ ಶುಲ್ಕ ಕೇಳಿದವು. ಕೆಲವು ಕುಟುಂಬಗಳು ತಮ್ಮನ್ನೇ ಗಡೀಪಾರು ಮಾಡಬಹುದೆಂದು ತಿಳಿದೂ ನ್ಯಾಯಾಲಯದ ಮೆಟ್ಟಿಲು ಹತ್ತಿದವು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಆ ಕಾನೂನನ್ನು ಹೊಡೆದುಹಾಕಿತು. ಹೆತ್ತವರ ನಡತೆಗೆ ಮಕ್ಕಳನ್ನು ಹೊಣೆ ಮಾಡುವುದು ನ್ಯಾಯದ ಮೂಲ ಕಲ್ಪನೆಗೇ ಹೊಂದುವುದಿಲ್ಲ ಎಂಬುದು ಬಹುಮತದ ತರ್ಕ. ಒಂದೇ ಒಂದು ಮತ ಅತ್ತ ಬಿದ್ದಿದ್ದರೆ ಆ ಮಕ್ಕಳು ಅಕ್ಷರವಿಲ್ಲದೆ ಅದೇ ದೇಶದಲ್ಲೇ ಬೆಳೆಯುತ್ತಿದ್ದರು. ಅವರು ಎಲ್ಲಿಗೂ ಹೋಗುತ್ತಿರಲಿಲ್ಲ.

ಬೀರುವಿನ ಮಕ್ಕಳೂ ಎಲ್ಲಿಗೂ ಹೋಗಲಿಲ್ಲ. ಅವರಲ್ಲಿ ಹಲವರು ಇಂದಿಗೂ ಸ್ವಿಟ್ಜರ್‌ಲೆಂಡ್‌ನಲ್ಲೇ ಇದ್ದಾರೆ, ತಲೆಗೂದಲು ನರೆತಿದೆ. ದಶಕಗಳ ಕಾಲ ಅದರ ಬಗ್ಗೆ ಮಾತನಾಡದಿದ್ದವರು ಈಚಿನ ವರ್ಷಗಳಲ್ಲಿ ಸಂಘ ಕಟ್ಟಿಕೊಂಡಿದ್ದಾರೆ. ತಮಗೆ ಆದದ್ದನ್ನು ಸರ್ಕಾರ ಒಪ್ಪಿಕೊಳ್ಳಬೇಕು, ಕ್ಷಮೆ ಕೇಳಬೇಕು, ಆ ವರ್ಷಗಳಲ್ಲಿ ತಾವು ಆ ದೇಶದಲ್ಲಿ ಇದ್ದೆವೆಂಬುದು ಚರಿತ್ರೆಯಲ್ಲಿ ದಾಖಲಾಗಬೇಕು ಎಂದು ಅವರು ಕೇಳುತ್ತಿದ್ದಾರೆ.